ಹಣೆಗೆ ಪಟ್ಟಿ ಹಚ್ಚಿದರೆ ಹುಡುಗ ಕೂರುತ್ತಾನಾ?

ನಮ್ಮ ಬೀಗರು-ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಮಲಗಿದ ಮಗುವಿನ ಹಣೆಗೆ ಪಟ್ಟಿ, ಅದಕ್ಕೊಂದು ವೈರು, ಮೊಬೈಲ್‌ನಷ್ಟು ದೊಡ್ಡ ಡಬ್ಬಿ. ರಾತ್ರಿ ಹಚ್ಚಿದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅಥವಾ ಒಂದು ಕಡೆ ಕೂರಲಾಗದ ತೊಂದರೆ, ಹೋಗುತ್ತದಂತೆ. ಶಹಾಬಾದಿನಿಂದ ತಂಗಿ ಫೋನ್ ಮಾಡಿದಳು: "ಅಕ್ಕಾ, ಇದು ಹಚ್ಚಿದ್ರ ನಮ್ಮಂವ ಒಂದ್ ಕಡೆ ಕುಂದರ್ತಾನಂತ, ತರಸೂಣೇನು?"

ಬೇಡ ಅಂದೆ.

ಯಂತ್ರ ಸುಳ್ಳಲ್ಲ. ಹಣೆಯ ಚರ್ಮದಡಿ, ಮುಖದ ಸ್ಪರ್ಶವನ್ನು ಮಿದುಳಿಗೆ ತಿಳಿಸುವ ಟ್ರೈಜೆಮಿನಲ್ ನರದ ಕವಲುಗಳಿವೆ. ಸಣ್ಣ ಕರೆಂಟು ಹರಿಸಿದರೆ ಜುಮುಜುಮು ಅನ್ನುತ್ತದೆ. ಅದು ಗಮನ ನಿಭಾಯಿಸುವ ಮಿದುಳಿನ ಭಾಗಗಳನ್ನು ಎಚ್ಚರಿಸುತ್ತದೆ ಅನ್ನೋದು ಲೆಕ್ಕಾಚಾರ. 2019ರಲ್ಲಿ ಅಮೆರಿಕದ ಔಷಧ, ಚಿಕಿತ್ಸಾ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಯನ್ನೂ ಕೊಟ್ಟಿತು, ಮಾತ್ರೆ ತೆಗೆದುಕೊಳ್ಳದ 7ರಿಂದ 12 ವರ್ಷದ ಮಕ್ಕಳಿಗೆ. ಆಧಾರ? 62 ಮಕ್ಕಳ ಮೇಲೆ 4 ವಾರ ನಡೆಸಿದ ಒಂದು ಪರೀಕ್ಷೆ. ಅಷ್ಟು ಮಕ್ಕಳು ನಮ್ಮ ಶಾಲೆಯ ಎರಡು ಕೋಣೆಯಲ್ಲಿ ಕೂರುತ್ತಾರೆ. ಹೋಲಿಸಿ ನೋಡಲೆಂದು ನಕಲಿ ಪಟ್ಟಿ ಹಚ್ಚಿದ್ದ ಮಕ್ಕಳೂ ಮೊದಲ ವಾರ ಸುಧಾರಿಸಿದ್ದರು! ಅದೇನೂ ಸೋಜಿಗವಲ್ಲ. ಅವ್ವ ದಿನಾ ಪಕ್ಕದಲ್ಲಿ ಕೂತು, ಹಣೆ ಒರೆಸಿ, ಪಟ್ಟಿ ಅಂಟಿಸಿ, ಹೊತ್ತಿಗೆ ಸರಿಯಾಗಿ ಮಲಗಿಸಿದರೆ ಯಾವ ಮಗುವಿಗೆ ಹಿತ ಆಗಲ್ಲ ಹೇಳಿ?

ಆಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನವರು 150 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ನಕಲಿಗಿಂತ ಅಸಲಿ ಹೆಚ್ಚೇನೂ ಮಾಡಲಿಲ್ಲ. ವಿಡಿಯೊದಲ್ಲಿ ಇದು ಬರಲ್ಲ ಬಿಡಿ.

ನನ್ನ ಸಿಟ್ಟು ಯಂತ್ರದ ಮೇಲಲ್ಲ. ನಮ್ಮ ಕಲಬುರಗಿ ಸೀಮೆಯಲ್ಲಿ ಇಂಥ ಹುಡುಗನಿಗೆ 'ಉಡಾಳ' ಅಂತ ಹೆಸರಿಟ್ಟು ಹಿಂದಿನ ಬೆಂಚಿಗೆ ತಳ್ಳುತ್ತೇವೆ. ಸುಮ್ನೆ ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯಂತೂ ಯಾರ ಲೆಕ್ಕಕ್ಕೂ ಬರಲ್ಲ. ನನ್ನ ತರಗತಿಯಲ್ಲಿ ಒಬ್ಬ ಇದ್ದಾನೆ. ಹತ್ತು ಲೆಕ್ಕ ಒಟ್ಟಿಗೆ ಕೊಟ್ಟರೆ ಎರಡು ಮಾಡಿ ಪೆನ್ಸಿಲ್ ಕಚ್ಚುತ್ತಾನೆ, ಪಕ್ಕದವನ ಚೀಲ ಎಳೆಯುತ್ತಾನೆ. ಎರಡೆರಡಾಗಿ ಕೊಟ್ಟು, ನಡುವೆ ಒಮ್ಮೆ ಬೋರ್ಡು ಒರೆಸಲು ಕಳಿಸಿದರೆ ಹತ್ತೂ ಮುಗಿಸುತ್ತಾನೆ.

ಮಾತ್ರೆಗೂ ಜನ ಹೆದರುತ್ತಾರೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯಿಂದ ಹಸಿವು, ನಿದ್ದೆ ಕಡಿಮೆಯಾಗಬಹುದು, ನಿಜ. ಆದರೆ ಅದನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ಬೇಕೋ ಬೇಡವೋ ಅಂತ ಹೇಳಬೇಕಾದವರು ಡಾಕ್ಟರು, ಗ್ರೂಪಿನ ಅಡ್ಮಿನ್ ಅಲ್ಲ. ಅದಕ್ಕೂ ಮೊದಲು ಕಣ್ಣು, ಕಿವಿ ತೋರಿಸಬೇಕು. ಸರಿಯಾಗಿ ಕೇಳದ ಮಗುವೂ ಗಮನವಿಲ್ಲದ ಹಾಗೇ ಕಾಣುತ್ತದೆ.

ದುಡ್ಡೇ ಕೊಡದೆ ಆಗುವ ಕೆಲಸವೂ ಇದೆ. ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಬರುತ್ತದೆ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಸಂಶಯ ಬಂದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಬರೆದುಕೊಡುತ್ತಾರೆ. ತಂಡ ಬರುವ ದಿನ ತೊಗರಿ ರಾಶಿ ಇದೆ ಅಂತ ಮಗುವನ್ನು ಹೊಲಕ್ಕೆ ಕರ್ಕೊಂಡು ಹೋಗಬೇಡ್ರಿ.