ಅಪ್‌ಟೈಮ್ ಜಾಸ್ತಿ ಇದೆ ಅಂತ ಬೀಗುವ ಮುಂಚೆ

"ಈ ರೂಟರ್ ನಾಲ್ಕು ವರ್ಷದಿಂದ ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ" ಅಂತ ಸ್ಕ್ರೀನ್‌ಶಾಟ್ ಹಾಕುವವರನ್ನು ನೆಟ್‌ವರ್ಕ್ ಕೆಲಸದಲ್ಲಿರುವ ಎಲ್ಲರೂ ನೋಡಿರುತ್ತೀರಿ. ಕೆಳಗೆ ಸಾಲು ಸಾಲು ಚಪ್ಪಾಳೆ. ನನಗೆ ಮಾತ್ರ ಅಂಥ ಪೆಟ್ಟಿಗೆ ಕಂಡರೆ ಕಸಿವಿಸಿ. ನಾಲ್ಕು ವರ್ಷ ಬಿದ್ದಿಲ್ಲ, ಸರಿ. ನಾಳೆ ಬಿದ್ದರೆ ಏಳುತ್ತದಾ? ಯಾರಿಗೂ ಗೊತ್ತಿಲ್ಲ. ನಡುವೆ ಯಾರೋ ಬದಲಾಯಿಸಿ ಸೇವ್ ಮಾಡದೆ ಬಿಟ್ಟ ಕಾನ್ಫಿಗರೇಶನ್ ಎಷ್ಟಿದೆಯೋ. ಬೂಟ್ ಆಗಬೇಕಾದ ಸಾಫ್ಟ್‌ವೇರ್ ಇಮೇಜ್ ಫ್ಲ್ಯಾಶ್ ಮೆಮೊರಿಯಲ್ಲಿ ನೆಟ್ಟಗಿದೆಯೋ ಇಲ್ಲವೋ.

ಆ ಅಪ್‌ಟೈಮ್ ಅಂಕಿಯನ್ನೂ, ಅಂದರೆ ನಿಲ್ಲದೆ ಓಡಿದ ಸಮಯದ ಲೆಕ್ಕವನ್ನೂ, ಪೂರ್ತಿ ನಂಬುವ ಹಾಗಿಲ್ಲ. ಜಾಲದ ಉಪಕರಣಗಳ ಮೇಲೆ ಕಣ್ಣಿಡಲು ಬಳಸುವ ಎಸ್‌ಎನ್‌ಎಂಪಿಯಲ್ಲಿ ಅದು 32 ಬಿಟ್‌ನ ಲೆಕ್ಕ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸುತ್ತದೆ. 497 ದಿನ ಕಳೆದರೆ ಮತ್ತೆ ಸೊನ್ನೆ. ಬರೀ ತೋರಿಸುವ ಅಂಕಿ ಸುತ್ತು ಹಾಕಿದರೆ ನಕ್ಕು ಸುಮ್ಮನಾಗಬಹುದು. ಇಂಥದ್ದೇ ಕೌಂಟರ್ ಮುಖ್ಯವಾದ ಜಾಗದಲ್ಲಿ ಕೂತಿದ್ದರೆ? 2015ರಲ್ಲಿ ಬೋಯಿಂಗ್ 787 ವಿಮಾನಗಳಿಗೆ ಅಮೆರಿಕದ ವಿಮಾನಯಾನ ಇಲಾಖೆ ಒಂದು ಆದೇಶ ಹೊರಡಿಸಿತು. 248 ದಿನ ಸತತವಾಗಿ ಆನ್ ಆಗಿದ್ದರೆ ಜನರೇಟರ್ ಕಂಟ್ರೋಲ್ ಯೂನಿಟ್‌ಗಳು ಒಟ್ಟಿಗೆ ಕೈಕೊಡಬಹುದು, ಅದಕ್ಕೆ ಆಗಾಗ ಪೂರ್ತಿ ಆಫ್ ಮಾಡಿ ಆನ್ ಮಾಡಿ ಅಂತ. 497ರ ಅರ್ಧ ಎಷ್ಟು ಅಂತ ಲೆಕ್ಕ ಹಾಕಿ ನೋಡಿ.

ನನ್ನ ತಕರಾರು ಇಷ್ಟೇ. ಬೀಳದ ಸಾಫ್ಟ್‌ವೇರ್ ಬರೆಯಲು ನಾವು ಹಾಕುವ ಶ್ರಮದಲ್ಲಿ ಕಾಲು ಭಾಗವನ್ನೂ ಬಿದ್ದ ಮೇಲೆ ಏಳುವ ಕೋಡ್‌ಗೆ ಹಾಕುವುದಿಲ್ಲ. ಅದು ಅಪರೂಪಕ್ಕೆ ಓಡುವ ಕೋಡ್. ಹಾಗಾಗಿ ಬಗ್‌ಗಳು ಅಲ್ಲೇ ಆರಾಮಾಗಿ ಮನೆ ಮಾಡಿಕೊಂಡಿರುತ್ತವೆ.

1990ರ ಜನವರಿ 15. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ಕುಂಟಿತು. ನ್ಯೂಯಾರ್ಕ್‌ನ ಒಂದು ಸ್ವಿಚ್‌ಗೆ (ಕರೆಗಳನ್ನು ಜೋಡಿಸುವ ಯಂತ್ರ) ಸಣ್ಣ ತೊಂದರೆ ಬಂತು. ಅದು "ಸ್ವಲ್ಪ ಹೊತ್ತು ಕರೆ ಕಳಿಸಬೇಡಿ" ಎಂದು ಅಕ್ಕಪಕ್ಕದವಕ್ಕೆ ಹೇಳಿ, ಕೆಲವೇ ಸೆಕೆಂಡಿನಲ್ಲಿ ರೀಸೆಟ್ ಆಗಿ ವಾಪಸ್ ಬಂತು. ಇಲ್ಲಿಯವರೆಗೆ ಎಲ್ಲವೂ ಡಿಸೈನ್‌ನಲ್ಲಿ ಇದ್ದ ಹಾಗೇ ನಡೆಯಿತು. ವಾಪಸ್ ಬಂದ ಸ್ವಿಚ್ ಮತ್ತೆ ಕರೆ ಕಳಿಸತೊಡಗಿತು. ಪಕ್ಕದ ಸ್ವಿಚ್ "ಓ, ಇದು ಎದ್ದಿದೆ" ಎಂದು ತನ್ನ ಪಟ್ಟಿ ತಿದ್ದಿಕೊಳ್ಳಲು ಹೊರಟಿತು. ತಿದ್ದುತ್ತಿರುವಾಗಲೇ, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಅಂತರದಲ್ಲಿ ಎರಡನೇ ಸಂದೇಶ ಬಂದರೆ ಡೇಟಾ ಕೆಡುತ್ತಿತ್ತು. ಕಾರಣ, ಸಿ ಭಾಷೆಯ ಕೋಡ್‌ನಲ್ಲಿ ತಪ್ಪು ಜಾಗದಲ್ಲಿ ಕೂತಿದ್ದ ಒಂದು "ಬ್ರೇಕ್", ಅಂದರೆ ಕೋಡ್‌ನ ಆ ತುಂಡಿನಿಂದ ಹೊರಗೆ ಬಾ ಎನ್ನುವ ಆಜ್ಞೆ. ಡೇಟಾ ಕೆಟ್ಟಿದ್ದು ಕಂಡು ಆ ಸ್ವಿಚ್ ತಾನೂ ರೀಸೆಟ್ ಆಯಿತು. ಎದ್ದು ಕರೆ ಕಳಿಸಿತು. ಅದರ ಪಕ್ಕದ್ದು ಬಿತ್ತು. ಹೀಗೆ 114 ಸ್ವಿಚ್‌ಗಳು ಒಂದನ್ನೊಂದು ಬೀಳಿಸುತ್ತಾ ಕೂತವು.

ಇದರಲ್ಲಿ ಎರಡು ಸಂಗತಿ ನನ್ನನ್ನು ಕಾಡುತ್ತವೆ. ಒಂದು, ಆ ಬಗ್ ಬಂದಿದ್ದು ರಿಕವರಿಯನ್ನು ಇನ್ನಷ್ಟು ಬೇಗ ಮಾಡಲೆಂದು ಹಿಂದಿನ ತಿಂಗಳಷ್ಟೇ ಹಾಕಿದ ಅಪ್‌ಡೇಟ್‌ನಲ್ಲಿ. ಇನ್ನೊಂದು, ಪ್ರತಿ ಸ್ವಿಚ್‌ನಲ್ಲೂ ಬದಲಿ ಪ್ರೊಸೆಸರ್ ಇತ್ತು. ಅದರೊಳಗೂ ಅದೇ ಕೋಡ್! ಒಂದೇ ಸಾಫ್ಟ್‌ವೇರ್ ಓಡಿಸುವ ಎರಡು ಪೆಟ್ಟಿಗೆ ಹಾರ್ಡ್‌ವೇರ್ ಕೆಟ್ಟರೆ ಕಾಯುತ್ತವೆ. ಬಗ್ ಎದುರಿಗೆ ಬಂದರೆ ಎರಡೂ ಸೇರಿ ಒಂದೇ ಪೆಟ್ಟಿಗೆ ಅನ್ನಿ. "ನಮ್ಮಲ್ಲಿ ರಿಡಂಡೆನ್ಸಿ ಇದೆ, ಒಂದಕ್ಕೊಂದು ಬದಲಿ ಇದೆ" ಎನ್ನುವವರು ಈ ಮಾತಿಗೆ ಸಾಮಾನ್ಯವಾಗಿ ವಿಷಯ ಬದಲಾಯಿಸುತ್ತಾರೆ.

ಹಾಗಂತ ರೀಸ್ಟಾರ್ಟ್ ತಂತ್ರವೇ ಕೆಟ್ಟದ್ದಲ್ಲ. 1985ರಲ್ಲೇ ಟ್ಯಾಂಡೆಮ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದ ಜಿಮ್ ಗ್ರೇ ಒಂದು ವಿಷಯ ಬಿಡಿಸಿ ಹೇಳಿದ್ದರು. ಟೆಸ್ಟಿಂಗ್ ದಾಟಿ ಬಳಕೆಗೆ ಬಂದ ಸಾಫ್ಟ್‌ವೇರ್‌ನಲ್ಲಿ ಉಳಿದಿರುವುದು ಹೆಚ್ಚಾಗಿ ಹೈಸೆನ್‌ಬಗ್‌ಗಳು. ಹುಡುಕಲು ಹೋದರೆ ಮಾಯ. ಟೈಮಿಂಗ್ ಸ್ವಲ್ಪ ಆಚೀಚೆ ಆದರೆ ಬರುವುದೇ ಇಲ್ಲ. ಅಂಥದ್ದಕ್ಕೆ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಕೊಂದು ಮತ್ತೆ ಶುರು ಮಾಡುವುದೇ ಮದ್ದು. ಹಳೆಯ ರೂಟರ್‌ಗಳಲ್ಲಿ ಎಲ್ಲವೂ ಒಂದೇ ಮೆಮೊರಿಯಲ್ಲಿ ಓಡುತ್ತಿತ್ತು. ಯಾವುದೋ ಮೂಲೆಯ ಕೋಡ್ ಎಡವಿದರೆ ಇಡೀ ಪೆಟ್ಟಿಗೆ ಮಕಾಡೆ. ಈಗ ರೂಟಿಂಗ್ ಒಂದು ಪ್ರೊಸೆಸ್, ಮ್ಯಾನೇಜ್‌ಮೆಂಟ್ ಇನ್ನೊಂದು. ಕೆಲವು ವ್ಯವಸ್ಥೆಗಳು ಇನ್ನೂ ಮುಂದೆ ಹೋಗಿ ಸ್ಟೇಟ್, ಅಂದರೆ ಆ ಕ್ಷಣದ ಸ್ಥಿತಿಯ ಮಾಹಿತಿ, ಎಲ್ಲವನ್ನೂ ಬೇರೆ ಡೇಟಾಬೇಸ್‌ನಲ್ಲಿ ಇಡುತ್ತವೆ. ಅರಿಸ್ಟಾ ಕಂಪನಿಯ ಸ್ವಿಚ್‌ಗಳಲ್ಲಿ ಆ ಡೇಟಾಬೇಸ್ ಸಿಸ್‌ಡಿಬಿ, ಸೋನಿಕ್ ಎಂಬ ಮುಕ್ತ ನೆಟ್‌ವರ್ಕ್ ಸಾಫ್ಟ್‌ವೇರ್‌ನಲ್ಲಿ ರೆಡಿಸ್. ಪ್ರೊಸೆಸ್ ಸತ್ತರೆ ಹೊಸದು ಬಂದು ಅಲ್ಲಿಂದ ಓದಿಕೊಂಡು ಕೆಲಸ ಮುಂದುವರಿಸುತ್ತದೆ.

ಆದರೆ ರೀಸ್ಟಾರ್ಟ್ ತೊಳೆಯುವುದು ಮೆಮೊರಿಯನ್ನು ಮಾತ್ರ. ಕಾಯಿಲೆ ಹೊರಗಿನಿಂದ ಬರುವ ಸಂದೇಶದಲ್ಲೋ ಡಿಸ್ಕಿನಲ್ಲಿರುವ ಫೈಲ್‌ನಲ್ಲೋ ಇದ್ದರೆ ಎಷ್ಟು ಸಲ ಎದ್ದರೂ ಅದೇ ಕಥೆ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಕೆಟ್ಟ ಅಪ್‌ಡೇಟ್ ತಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಾಡಿದ್ದು ಇದನ್ನೇ. ಏಳು, ಆ ಫೈಲ್ ಓದು, ಬೀಳು.

ಸಂದೇಶದ ಉದಾಹರಣೆ ಬೇಕಾದರೆ ಬಿಜಿಪಿ ನೋಡಿ. ಯಾವ ವಿಳಾಸಕ್ಕೆ ಯಾವ ದಾರಿ ಅಂತ ಇಂಟರ್ನೆಟ್ಟಿನ ರೂಟರ್‌ಗಳು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ ಅದು. ಹಳೆಯ ನಿಯಮದ ಪ್ರಕಾರ ಪಕ್ಕದ ರೂಟರ್ ಕಳಿಸಿದ ಅಪ್‌ಡೇಟ್ ತಪ್ಪಾಗಿದ್ದರೆ ಇಡೀ ಸೆಷನ್ (ಎರಡು ರೂಟರ್‌ಗಳ ನಡುವಿನ ಮಾತುಕತೆಯ ಸಂಪರ್ಕ) ಮುರಿಯಬೇಕು. ಓದಲು ಶಿಸ್ತಾಗಿ ಕಾಣುತ್ತದೆ. 2010ರ ಆಗಸ್ಟ್ 27ರಂದು ಯುರೋಪಿನ ಇಂಟರ್ನೆಟ್ ವಿಳಾಸಗಳ ಉಸ್ತುವಾರಿ ಸಂಸ್ಥೆ ರೈಪ್ ಎನ್‌ಸಿಸಿ ಮತ್ತು ಡ್ಯೂಕ್ ವಿಶ್ವವಿದ್ಯಾಲಯ ಒಂದು ಪ್ರಯೋಗ ಮಾಡಿದವು. ಅವರು ಬಿಟ್ಟ ಅಪ್‌ಡೇಟ್ ನಿಯಮಬದ್ಧವಾಗಿಯೇ ಇತ್ತು, ದಾರಿಯ ವಿವರ ಹೇಳುವ ಒಂದು ಹೊಸ ಆಟ್ರಿಬ್ಯೂಟ್ ಇತ್ತು ಅಷ್ಟೇ. ಒಂದು ಬಗೆಯ ಸಿಸ್ಕೊ ಸಾಫ್ಟ್‌ವೇರ್ ಅದನ್ನು ಮುಂದಕ್ಕೆ ದಾಟಿಸುವಾಗ ಕೆಡಿಸಿತು. ಕೆಟ್ಟದ್ದನ್ನು ಪಡೆದವರು ನಿಯಮದಂತೆ ಸೆಷನ್ ಮುರಿದರು. ಸೆಷನ್ ಮತ್ತೆ ಏರ್ಪಟ್ಟಿತು, ಅದೇ ಅಪ್‌ಡೇಟ್ ಮತ್ತೆ ಬಂತು, ಮತ್ತೆ ಮುರಿಯಿತು. ಕೆಡಿಸಿದ ರೂಟರ್ ಮಾತ್ರ ಹಾಯಾಗಿ ನಿಂತಿತ್ತು! ಇಂಟರ್ನೆಟ್ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳಲ್ಲಿ ಒಂದಾದ 2015ರ ಆರ್‌ಎಫ್‌ಸಿ 7606 ಇದನ್ನು ತಿದ್ದಿತು. ಹೆಚ್ಚಿನ ತಪ್ಪುಗಳಿಗೆ ಆ ದಾರಿಯನ್ನಷ್ಟೇ ಕೈಬಿಡಿ, ಸೆಷನ್ ಉಳಿಸಿಕೊಳ್ಳಿ ಎಂದಿತು. ನನ್ನ ಮಟ್ಟಿಗೆ ಜಾಲದ ಮೇಲಿನ ನಂಬಿಕೆ ಹೆಚ್ಚಿಸಿದ ದೊಡ್ಡ ಬದಲಾವಣೆಗಳಲ್ಲಿ ಇದೂ ಒಂದು. ಇದಕ್ಕೆ ಪ್ರಚಾರ ಸಿಕ್ಕಿದ್ದು ಕಡಿಮೆ, ಅಲ್ವಾ.

ಹಾಗಾಗಿ ಎರಡೂ ಬೇಕು. ಏಳುವ ಶಕ್ತಿ, ಜೊತೆಗೆ ಎಷ್ಟು ಸಲ ಎದ್ದೆ ಅನ್ನುವ ಲೆಕ್ಕ. ಟೆಲಿಕಾಂ ಕಂಪನಿ ಎರಿಕ್ಸನ್‌ನಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ ಎರ್ಲಾಂಗ್ ಇದನ್ನು ಚೆನ್ನಾಗಿ ಮಾಡುತ್ತದೆ. ಪ್ರೊಸೆಸ್ ಬಿದ್ದರೆ ಅದರ ಸೂಪರ್‌ವೈಸರ್ ಎಬ್ಬಿಸುತ್ತದೆ. ನಾವು ಬೇರೆ ಹೇಳದಿದ್ದರೆ ಐದು ಸೆಕೆಂಡಿನಲ್ಲಿ ಒಂದು ಸಲಕ್ಕಿಂತ ಜಾಸ್ತಿ ಎಬ್ಬಿಸುವುದಿಲ್ಲ. ಮಿತಿ ದಾಟಿದರೆ ಸೂಪರ್‌ವೈಸರ್ ತಾನೇ ಸಾಯುತ್ತದೆ, ತಾಪತ್ರಯ ಮೇಲಿನವರ ತಲೆಗೆ. ಜುನಿಪರ್ ರೂಟರ್‌ಗಳ ಸಾಫ್ಟ್‌ವೇರ್ ಜುನೋಸ್‌ನಲ್ಲಿರುವ ಕಮಿಟ್ ಕನ್ಫರ್ಮ್ಡ್ ಕಮಾಂಡ್ ಕೂಡ ಅಂಥದ್ದೇ. ಬದಲಾವಣೆ ಹಾಕಿ ಹತ್ತು ನಿಮಿಷದೊಳಗೆ ನೀವು ಖಚಿತ ಮಾಡದಿದ್ದರೆ ಹಳೆಯ ಕಾನ್ಫಿಗರೇಶನ್ ತಾನಾಗಿ ವಾಪಸ್. ದೂರದ ಪೆಟ್ಟಿಗೆಗೆ ತಾವೇ ಬಾಗಿಲು ಹಾಕಿಕೊಂಡವರಿಗೆ ಇದರ ಬೆಲೆ ಗೊತ್ತು. ಇದಿಲ್ಲದೆ ಎಂಟರ್ ಒತ್ತುವವರ ಧೈರ್ಯ ನನಗಿಲ್ಲ.

ಡಿಸ್ಟ್ರಿಬ್ಯೂಟೆಡ್ ವ್ಯವಸ್ಥೆಯಲ್ಲಿ ಇನ್ನೊಂದು ಪೇಚು. ಹುಷಾರಿಲ್ಲದವರು ಪಕ್ಕಕ್ಕೆ ಸರಿಯಬೇಕು ಅನ್ನುವುದು ಒಳ್ಳೆಯ ನಿಯಮವೇ. ಎಲ್ಲರೂ ಒಟ್ಟಿಗೆ ಸರಿದರೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನಲ್ಲಿ ಆಗಿದ್ದು ಅದು. ಒಂದು ತಪ್ಪು ಕಮಾಂಡ್‌ನಿಂದ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬೆನ್ನೆಲುಬಿನ ಜಾಲ ಕಡಿದುಹೋಯಿತು. ಡೇಟಾ ಸೆಂಟರ್ ಸಿಗದಿದ್ದಾಗ ಡಿಎನ್‌ಎಸ್ ಸರ್ವರ್‌ಗಳು (ಸೈಟಿನ ಹೆಸರಿಗೆ ವಿಳಾಸ ಹೇಳುವವು) "ನಾನೇ ಸರಿಯಿಲ್ಲ" ಅಂದುಕೊಂಡು ತಮ್ಮ ವಿಳಾಸದ ಬಿಜಿಪಿ ಘೋಷಣೆಯನ್ನು ಹಿಂತೆಗೆದುಕೊಂಡವು. ಒಂದಲ್ಲ, ಎಲ್ಲವೂ. ಫೇಸ್‌ಬುಕ್ಕೇ ಸುಮಾರು ಆರು ಗಂಟೆ ಕಾಣೆಯಾಗಿತ್ತು.

ಡೆಮೊಗೆ ಬರುವ ಮಾರಾಟಗಾರರಲ್ಲಿ ನಾನೀಗ ಫೀಚರ್ ಪಟ್ಟಿ ಕೇಳುವುದು ಬಿಟ್ಟಿದ್ದೇನೆ. ಪೂರ್ತಿ ರೂಟಿಂಗ್ ಟೇಬಲ್ ತುಂಬಿಸಿ, ಟ್ರಾಫಿಕ್ ಓಡುತ್ತಿರುವಾಗ ರೂಟಿಂಗ್ ಪ್ರೊಸೆಸ್ ಕೊಲ್ಲಿ ಅನ್ನುತ್ತೇನೆ. ಅದು ಎದ್ದ ಕೂಡಲೇ ಇನ್ನೊಮ್ಮೆ ಕೊಲ್ಲಿ. ಆಮೇಲೆ ಕೆಟ್ಟ ಅಪ್‌ಡೇಟ್ ಒಂದನ್ನು ಕಳಿಸಿ, ಬದಲಿಗೆಂದು ಕಾದು ಕೂತ ಸ್ಟ್ಯಾಂಡ್‌ಬೈ ಏನು ಮಾಡುತ್ತದೆ ತೋರಿಸಿ. ಸ್ಟೇಟ್ ಪೂರ್ತಿ ನಕಲು ಆಗುತ್ತದೆ ಅಂದರೆ ವಿಷವೂ ನಕಲಾಗುತ್ತದೆಯಾ ಅಂತ ಕೇಳುತ್ತೇನೆ. ಕೆಲವರು ತಕ್ಷಣ ಕೀಬೋರ್ಡ್ ಎಳೆದುಕೊಳ್ಳುತ್ತಾರೆ. ಕೆಲವರು ಇಂಜಿನಿಯರಿಂಗ್ ಟೀಮಿಗೆ ಕೇಳಿ ಹೇಳುತ್ತೇವೆ ಅಂತ ಹೋಗುತ್ತಾರೆ.