ಟ್ರಿನಿಡಾಡಿಗೆ ಹೋಗಿ ಮದ್ರಾಸಿಯಾದೆ

ಮೊನ್ನೆ ಮೈಸೂರಿನ ಹುಡುಗನೊಬ್ಬ ಫೋನ್ ಮಾಡಿದ್ದ. ಯಾರೋ ನನ್ನ ನಂಬರ್ ಕೊಟ್ಟಿದ್ದಾರೆ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಅಮೋನಿಯಾ ಪ್ಲಾಂಟ್ ಒಂದರಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾನೆ. ಸಂಬಳ, ವೀಸಾ, ಬಾಡಿಗೆ ಎಲ್ಲ ಕೇಳಿ ಮುಗಿಸಿ, ಕೊನೆಗೆ ದನಿ ಸ್ವಲ್ಪ ತಗ್ಗಿಸಿದ. "ಸರ್, ಅಲ್ಲಿ ನಮ್ಮವರು ಜಾಸ್ತಿ ಇರೋ ಏರಿಯಾ ಯಾವುದು? ಆ ಕಡೆನೇ ಮನೆ ನೋಡೋಣ ಅಂತ."

ಇದೇ ಪ್ರಶ್ನೆಯನ್ನು 2014ರಲ್ಲಿ ನಾನೂ ಒಬ್ಬರಿಗೆ ಕೇಳಿದ್ದೆ. ಅವರು ಥಟ್ಟಂತ ಉತ್ತರ ಕೊಟ್ಟಿದ್ದರು. ಮೊನ್ನೆ ನನಗೆ ಹಾಗೆ ಕೊಡೋಕೆ ಆಗಲಿಲ್ಲ. "ಆಮೇಲೆ ಹೇಳ್ತೀನಪ್ಪ" ಅಂದು ಫೋನಿಟ್ಟೆ. ಆ ಆಮೇಲೆಯೇ ಈ ಪೋಸ್ಟ್. ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೂರು ವರ್ಷ ನಾನಿದ್ದದ್ದು ಕೂವಾ ಅನ್ನೋ ಊರಿನಲ್ಲಿ. ಪಾಯಿಂಟ್ ಲೀಸಾಸ್ ಗ್ಯಾಸ್ ಕಾರ್ಖಾನೆಗಳ ಪಕ್ಕದಲ್ಲೇ ಇದೆ. ಒಂದು ಕಾಲಕ್ಕೆ ಸುತ್ತಮುತ್ತ ಎಲ್ಲಾ ಕಬ್ಬಿನ ಗದ್ದೆ. ಮನೆ ಓನರ್ ಅರವತ್ತರ ಹೆಂಗಸು, ಭಾರತ ಮೂಲದವರು. ಎಲ್ಲರ ಹಾಗೆ ನಾನೂ ಆಂಟಿ ಅನ್ನುತ್ತಿದ್ದೆ. ಮೊದಲ ದಿನ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಓ, ಮದ್ರಾಸಿ ಬಂದಿದ್ದಾನೆ!"

ದೆಹಲಿಯಲ್ಲಿ ಎರಡು ವರ್ಷ ಕೆಲಸ ಮಾಡಿದವನಿಗೆ ಈ ಪದ ಹೊಸದಲ್ಲ. ಇವರಿಗೂ ವಿಂಧ್ಯದಿಂದ ಕೆಳಗೆಲ್ಲ ಮದ್ರಾಸೇ ಇರಬೇಕು ಅಂದುಕೊಂಡೆ. ಶಿವಮೊಗ್ಗ, ಕರ್ನಾಟಕ, ಕನ್ನಡ ಅಂತ ಭೂಗೋಳದ ಪಾಠ ಶುರು ಮಾಡಿದೆ. ಆಂಟಿ ಪಾಪ, ಏನೂ ಅರ್ಥವಾಗದೆ ತಲೆಯಾಡಿಸಿದರು. ಅವರು ನನ್ನ ಊರಿನ ಸುದ್ದಿಯನ್ನೇ ಎತ್ತಿರಲಿಲ್ಲ. ನನ್ನ ಬಣ್ಣ ಹೇಳಿದ್ದರು, ಅಷ್ಟೇ.

ಅಲ್ಲಿನ ಭಾರತೀಯರ ಬಾಯಲ್ಲಿ ಮದ್ರಾಸಿ ಅಂದರೆ ಕಪ್ಪಗಿರುವವನು. 1845ರ ಮೇ 30ರಂದು ಫತೇಲ್ ರಜಾಕ್ ಅನ್ನೋ ಹಡಗು ಮೊದಲ ಕೂಲಿಗಳ ಗುಂಪನ್ನು ಅಲ್ಲಿ ಇಳಿಸಿತು. 1917ರ ತನಕ ಸುಮಾರು 1.4 ಲಕ್ಷ ಜನ ಹೋದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು, ಕಲ್ಕತ್ತಾದಲ್ಲಿ ಹಡಗು ಹತ್ತಿದವರು. ಮದ್ರಾಸಿನಲ್ಲಿ ಹತ್ತಿದವರು ಕಮ್ಮಿ. ಆ ಕಮ್ಮಿ ಜನರ ಭಾಷೆ ಹೋಯಿತು, ಊರಿನ ನೆನಪು ಹೋಯಿತು. ಹೆಸರು ಮಾತ್ರ ಕಪ್ಪು ಮೈಬಣ್ಣಕ್ಕೆ ಅಂಟಿಕೊಂಡು ಉಳಿಯಿತು. ಆಂಟಿಯ ವಂಶದಲ್ಲಿ ಮದ್ರಾಸ್ ಕಂಡವರು ಯಾರೂ ಇಲ್ಲ. ಆದರೂ ಅವರ ಕೊನೆಯ ತಂಗಿಗೆ ಮನೆಯಲ್ಲಿ ಇಟ್ಟ ಹೆಸರೇ ಮದ್ರಾಸಿ.

ಟ್ರಿನಿಡಾಡ್ ಅಂದ ಕೂಡಲೇ ಎಲ್ಲರೂ ಹೇಳುವುದು ಭಾರತೀಯರು ಮತ್ತು ಆಫ್ರಿಕನ್ನರ ಜಗಳದ ಬಗ್ಗೆ. ಅದು ಸುಳ್ಳಲ್ಲ. 2011ರ ಜನಗಣತಿ ನೋಡಿ: ಭಾರತ ಮೂಲದವರು 35.4%, ಆಫ್ರಿಕಾ ಮೂಲದವರು 34.2%. ತಕ್ಕಡಿ ಹೆಚ್ಚುಕಮ್ಮಿ ಸಮ. ಬಿಳಿಯರು ನೂರಕ್ಕೆ ಒಬ್ಬರೂ ಇಲ್ಲ. ಜಗಳ ಹುಟ್ಟಿದ್ದು ಕಬ್ಬಿನ ಗದ್ದೆಯಲ್ಲಿ. 1838ರಲ್ಲಿ ಗುಲಾಮಗಿರಿ ಪೂರ್ತಿ ಮುಗಿದ ಮೇಲೆ ಆಫ್ರಿಕನ್ನರು ನ್ಯಾಯವಾದ ಕೂಲಿ ಕೇಳಿದರು. ಜಮೀನ್ದಾರರು ಕೂಲಿ ಏರಿಸಲಿಲ್ಲ, ಭಾರತದಿಂದ ಐದು ವರ್ಷದ ಕರಾರಿಗೆ ಜನ ತರಿಸಿದರು. ಒಬ್ಬರ ಹೊಟ್ಟೆಯ ಮೇಲೆ ಇನ್ನೊಬ್ಬರನ್ನು ಕೂರಿಸಿದ ಹಾಗೆ. ಭಾರತೀಯರು ಹಳ್ಳಿಯಲ್ಲಿ, ಆಫ್ರಿಕನ್ನರು ಪೇಟೆಯಲ್ಲಿ. ಇವರ ಕಣ್ಣಿಗೆ ಅವರು ಸೋಮಾರಿಗಳು, ಅವರ ಕಣ್ಣಿಗೆ ಇವರು ಜಿಪುಣರು. ಎರಡೂ ಮಾತು ಕಲಿಸಿದ್ದು ಬಿಳಿ ಧಣಿಯೇ.

ಆಮೇಲೆ ಪಕ್ಷಗಳೂ ಹಾಗೇ ಹಂಚಿಹೋದವು. ಆಫ್ರಿಕನ್ನರ ಬೆಂಬಲದ ಪಕ್ಷದ ನಾಯಕ ಎರಿಕ್ ವಿಲಿಯಮ್ಸ್ 1958ರಲ್ಲಿ ಚುನಾವಣೆ ಸೋತ ಸಿಟ್ಟಿನಲ್ಲಿ ಭಾರತೀಯರನ್ನು ಹಗೆ ಸಾಧಿಸುವ, ಮಾತು ಕೇಳದ ಅಲ್ಪಸಂಖ್ಯಾತರು ಅಂದುಬಿಟ್ಟರು. ಅದೇ ಮನುಷ್ಯ 1962ರಲ್ಲಿ ದೇಶ ಸ್ವತಂತ್ರವಾದಾಗ ಮೊದಲ ಪ್ರಧಾನಿ. ಆ ವರ್ಷ ಅವರು ಬರೆದಿದ್ದು, ಇಲ್ಲಿ ಭಾರತ ಮಾತೆಯೂ ಇಲ್ಲ, ಆಫ್ರಿಕಾ ಮಾತೆಯೂ ಇಲ್ಲ, ಇರುವುದು ಟ್ರಿನಿಡಾಡ್ ಮಾತೆ ಒಬ್ಬಳೇ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ 58ರ ಮಾತನ್ನು ಕೂವಾದ ಮುದುಕರು ಇವತ್ತಿಗೂ ಬಾಯಿಪಾಠ ಹೇಳುತ್ತಾರೆ. 62ರದ್ದು ಯಾರ ಬಾಯಲ್ಲೂ ನಾನು ಕೇಳಲಿಲ್ಲ.

ಇದೆಲ್ಲ ಬಹಿರಂಗದ ಜಗಳ. ಚುನಾವಣೆ ಬಂದರೆ ಮೈಕು ಹಿಡಿದೇ ಆಡುತ್ತಾರೆ. ನನಗೆ ಹೇಳಬೇಕಾದ್ದು ಇನ್ನೊಂದಿದೆ. ಎರಡೂ ಕಡೆಯವರು ಮನೆಯೊಳಗೆ ಮಾತ್ರ ಆಡುವ ಬಣ್ಣದ ಲೆಕ್ಕ. ಅದಕ್ಕೆ ಪಕ್ಷ ಇಲ್ಲ, ಮೆರವಣಿಗೆ ಇಲ್ಲ. ಆದರೆ ಹೊರಗಿನ ಜಗಳಕ್ಕೆ ಎಣ್ಣೆ ಹೊಯ್ಯುವುದು ಅದೇ ಅಂತ ನನ್ನ ಅನಿಸಿಕೆ.

ಕ್ರಿಕೆಟ್ ಪ್ರಿಯರಿಗೆ ಬೇಗ ಅರ್ಥವಾಗುತ್ತದೆ. ಸುಮಾರು ನೂರು ವರ್ಷದ ಹಿಂದೆ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಯಾವ ಕ್ಲಬ್ಬಿಗೆ ಯಾರು ಆಡಬೇಕು ಅಂತ ಚರ್ಮವೇ ಹೇಳುತ್ತಿತ್ತು. ಕ್ವೀನ್ಸ್ ಪಾರ್ಕ್ ಕ್ಲಬ್ಬಿನಲ್ಲಿ ಹಣವಂತ ಬಿಳಿಯರೇ ಜಾಸ್ತಿ. ಶ್ಯಾಮ್‌ರಾಕ್ ಹಳೆಯ ಕ್ಯಾಥೊಲಿಕ್ ಬಿಳಿಯರದ್ದು. ಮೇಪಲ್ ಕಂದು ಬಣ್ಣದ ಮಧ್ಯಮ ವರ್ಗದ್ದು. ಶ್ಯಾನನ್ ಅದಕ್ಕಿಂತ ಕಪ್ಪಗಿನ ಮೇಷ್ಟ್ರು, ಗುಮಾಸ್ತರದ್ದು. ಸ್ಟಿಂಗೋ ಏನೂ ಇಲ್ಲದ ಬಡ ಕಪ್ಪು ಜನರದ್ದು. ಸಿ.ಎಲ್.ಆರ್. ಜೇಮ್ಸ್ ಹೆಸರು ಕೇಳಿರಬಹುದು, ದೊಡ್ಡ ಚಿಂತಕ, ಮಾರ್ಕ್ಸ್‌ವಾದಿ. ಅವರ ಮೈಬಣ್ಣ ಕಪ್ಪು. ಹೆಸರಾಂತ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಇದ್ದ ಶ್ಯಾನನ್ ಕ್ಲಬ್ ಅವರಿಗೆ ಸಹಜ ಜಾಗ. ಆದರೆ ಓದಿದವರು ಅನ್ನೋ ಕಾರಣಕ್ಕೆ ಮೇಪಲ್ ಕರೆಯಿತು, ಹೋಗಿಬಿಟ್ಟರು. ಆ ಒಂದು ನಿರ್ಧಾರದಿಂದ ತನ್ನ ಜನರಿಂದ ದೂರವಾದೆ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ವೆಸ್ಟ್ ಇಂಡೀಸ್ ತಂಡಕ್ಕೆ ಕಪ್ಪು ನಾಯಕ ಬೇಕು, ಫ್ರ್ಯಾಂಕ್ ವೊರೆಲ್ ಆಗಬೇಕು ಅಂತ ಪತ್ರಿಕೆಯಲ್ಲಿ ಹೋರಾಡಿ 1960ರಲ್ಲಿ ಗೆದ್ದದ್ದೂ ಇದೇ ಜೇಮ್ಸ್. ಮೆಟ್ಟಿಲು ಕೆಡವಲು ಹೊರಟವನೂ ಒಮ್ಮೆ ಅದನ್ನು ಹತ್ತಿದ್ದ. ನನಗೆ ಆತ ಇಷ್ಟವಾಗುವುದು ಅದನ್ನು ಮುಚ್ಚಿಡಲಿಲ್ಲ ಅನ್ನೋ ಕಾರಣಕ್ಕೆ.

ಆ ಕ್ವೀನ್ಸ್ ಪಾರ್ಕ್ ಓವಲ್‌ಗೂ ನಮಗೂ ನಂಟಿದೆ. 1976ರ ಏಪ್ರಿಲ್‌ನಲ್ಲಿ ಭಾರತ ವೆಸ್ಟ್ ಇಂಡೀಸ್ ವಿರುದ್ಧ 403 ರನ್ ಬೆನ್ನಟ್ಟಿ ಟೆಸ್ಟ್ ಗೆದ್ದದ್ದು ಅಲ್ಲೇ. ನಮ್ಮ ಕರ್ನಾಟಕದ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49, ಮೊದಲ ಇನಿಂಗ್ಸಿನಲ್ಲಿ ಚಂದ್ರಶೇಖರ್‌ಗೆ ಆರು ವಿಕೆಟ್. ಆಂಟಿಯ ಗಂಡ ಅವತ್ತು ಮೈದಾನದಲ್ಲಿದ್ದರಂತೆ. ಭಾರತ ಗೆದ್ದಾಗ ಕುಣಿದರಂತೆ. ಪಕ್ಕದ ಮನೆಯ ಆಫ್ರಿಕನ್ ಗೆಳೆಯ ಒಂದು ವಾರ ಮಾತು ಬಿಟ್ಟನಂತೆ. "ಅವನದ್ದೂ ತಪ್ಪಲ್ಲ ಬೇಟಾ. ನೀನು ಈ ದೇಶದವನೋ ಅಲ್ವೋ ಅಂತ ಕೇಳಿದ, ಇವರ ಹತ್ತಿರ ಉತ್ತರ ಇರಲಿಲ್ಲ" ಅಂದರು ಆಂಟಿ. ಮೊನ್ನೆ 2025ರಲ್ಲಿ ಕಮಲಾ ಪರ್ಸಾದ್ ಬಿಸೆಸರ್ ಮತ್ತೆ ಪ್ರಧಾನಿಯಾದಾಗ ನಾವಿಲ್ಲಿ ಬಿಹಾರದ ಮಗಳು ಅಂತ ಸಂಭ್ರಮಪಟ್ಟೆವಲ್ಲ, ಆಗ ನನಗೆ ನೆನಪಾಗಿದ್ದು ಆ ಪಕ್ಕದ ಮನೆಯವನು.

1970ರಲ್ಲಿ ಕಪ್ಪು ಯುವಕರು ಬೀದಿಗಿಳಿದರು. ಅವರ ಸಿಟ್ಟಿಗೆ ಒಂದು ಕಾರಣ ಬ್ಯಾಂಕುಗಳು. ಸ್ವತಂತ್ರವಾಗಿ ಎಂಟು ವರ್ಷವಾಗಿದ್ದರೂ ಕೌಂಟರಿನಲ್ಲಿ ಕೂರುವವರು ಬಿಳಿ ಅಥವಾ ತಿಳಿ ಬಣ್ಣದವರೇ. ಮಾರ್ಚ್‌ನಲ್ಲಿ ಅವರು ಪೋರ್ಟ್ ಆಫ್ ಸ್ಪೇನ್‌ನಿಂದ ಕಬ್ಬಿನ ಸೀಮೆಗೆ ನಡೆದು ಬಂದರು, ಭಾರತೀಯರೇ ಆಫ್ರಿಕನ್ನರೇ ಒಂದಾಗಿ ಅಂತ ಕೂಗುತ್ತಾ. ನಡಿಗೆ ಮುಗಿದದ್ದು ಕೂವಾದಲ್ಲೇ. ಆಂಟಿಗೆ ಆಗ ಹದಿನಾರು. "ಅಪ್ಪ ಬಾಗಿಲು ಹಾಕಿಸಿದರು. ಕಿಟಕಿ ಸಂದಿಯಿಂದ ನೋಡ್ತಿದ್ದೆ. ಎದುರು ಮನೆಯವರು ಬಕೆಟ್ಟಿನಲ್ಲಿ ನೀರು ತಂದಿಟ್ಟರು. ಹುಡುಗರು ಕುಡಿದು, ಥ್ಯಾಂಕ್ಸ್ ಹೇಳಿ ಹೋದರು. ಅಪ್ಪ ಹೆದರಿದ ಹಾಗೆ ಏನೂ ಆಗಲಿಲ್ಲ."

ಇದು ಬರೀ ಟ್ರಿನಿಡಾಡಿನ ಕಥೆ ಅಲ್ಲ. ಜಮೈಕಾದಲ್ಲಿ 1955ರಲ್ಲಿ ಒಂದು ಸೌಂದರ್ಯ ಸ್ಪರ್ಧೆ ಆಯಿತು. ಬಣ್ಣಕ್ಕೊಂದರಂತೆ ಹತ್ತು ಕಿರೀಟ. ಕಪ್ಪು ಹುಡುಗಿಗೆ ಮಿಸ್ ಎಬನಿ, ಕೋಕೋ ಬಣ್ಣಕ್ಕೆ ಮಿಸ್ ಮಹಾಗನಿ, ಬಿಳಿ ಹುಡುಗಿಗೆ ಮಿಸ್ ಆಪಲ್ ಬ್ಲಾಸಮ್. ಭಾರತ ಮೂಲದ ಹುಡುಗಿಗೆ ಏನು ಗೊತ್ತಾ? ಮಿಸ್ ಸ್ಯಾಂಡಲ್‌ವುಡ್! ಗಂಧದ ನಾಡಿನವನಾಗಿ ಹೆಮ್ಮೆಪಡಬೇಕೋ ಬೇಡವೋ ಗೊತ್ತಾಗಲಿಲ್ಲ. ಸಮಾನತೆ ತೋರಿಸೋಕೆ ಮಾಡಿದ ಸ್ಪರ್ಧೆಯಂತೆ. ನನಗೆ ಕಂಡದ್ದು ಪೇಂಟ್ ಅಂಗಡಿಯ ಶೇಡ್ ಕಾರ್ಡು.

ಈಗ ಆಂಟಿಯ ಮೊಮ್ಮಗಳ ವಿಷಯ. ಆಂಟಿಯ ಮಗ ಮದುವೆಯಾಗಿದ್ದು ಆಫ್ರಿಕನ್ ಮೂಲದ ನರ್ಸ್ ಒಬ್ಬರನ್ನು. ಐದು ವರ್ಷ ಮಗನ ಜೊತೆ ಮಾತಿಲ್ಲ. ಮಗು ನಡೆಯಲು ಕಲಿತ ಮೇಲೆ ಕೋಪ ಇಳಿಯಿತು. ನಾನಿದ್ದಾಗ ಹುಡುಗಿಗೆ ಒಂಬತ್ತು. ಪ್ರತಿ ಶನಿವಾರ "ಆಜೀ" ಅಂತ ಕೂಗುತ್ತಾ ಗೇಟು ತಳ್ಳಿಕೊಂಡು ಬರುತ್ತಿದ್ದಳು. ಅಪ್ಪನ ಅಮ್ಮನಿಗೆ ಅಲ್ಲಿ ಆಜಿ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಮ್ಮೂರಿನ ಮಗು ಯಾವುದಪ್ಪಾ ಅಂತ ಹೊರಗೆ ಓಡಿಬಂದಿದ್ದೆ.

ಇಂಥ ಮಕ್ಕಳಿಗೆ ಅಲ್ಲಿ ದೊಗ್ಲಾ ಅನ್ನುತ್ತಾರೆ. ಭೋಜಪುರಿಯಿಂದ ಬಂದ ಪದ, ಮೂಲದಲ್ಲಿ ಬೈಗುಳ. ಈಗ ಎಷ್ಟೋ ಜನ ತಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2011ರ ಗಣತಿಯಲ್ಲಿ ಭಾರತ, ಆಫ್ರಿಕಾ ಎರಡೂ ಬೆರೆತವರು 7.7%.

ಶನಿವಾರ ಮಧ್ಯಾಹ್ನ ಆಂಟಿ ಸಹೀನಾ ಕರಿಯುತ್ತಿದ್ದರು. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ ಸುರುಳಿ ಸುತ್ತಿ ಕರಿಯೋದು. ನಮ್ಮ ಪತ್ರೊಡೆಯ ಅಕ್ಕನೋ ತಂಗಿಯೋ ಇರಬೇಕು. ತಿಂದಾದ ಮೇಲೆ ಹುಡುಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚುವುದು. ಕೂದಲು ಗುಂಗುರು, ಆದರೆ ಬಾಚಣಿಗೆ ಸರಾಗ ಇಳಿಯುತ್ತದೆ. ಆಂಟಿ ಪ್ರತಿ ಸಲ ಅದೇ ಮಾತು ಹೇಳುವವರು. "ದೇವರು ದೊಡ್ಡವನು, ಕೂದಲು ಮಾತ್ರ ನಮ್ಮ ಕಡೆದು ಕೊಟ್ಟ."

ಒಂದು ಸಲ ಹುಡುಗಿ ತಲೆ ಎತ್ತದೆ ಹೇಳಿದಳು, "ಗ್ರ್ಯಾನಿನೂ ಅದನ್ನೇ ಹೇಳ್ತಾಳೆ. ನಿನ್ನದು ಒಳ್ಳೆ ಕೂದಲು, ನಿನ್ನ ಅಮ್ಮನ ಥರ ಅಲ್ಲ ಅಂತ."

ಗ್ರ್ಯಾನಿ ಅಂದರೆ ತಾಯಿಯ ತಾಯಿ. ಈ ಇಬ್ಬರು ಅಜ್ಜಿಯರು ಒಬ್ಬರ ಮನೆಗೊಬ್ಬರು ಕಾಲಿಟ್ಟಿಲ್ಲ. ವೋಟು ಬೇರೆ, ದೇವರು ಬೇರೆ, ಅಡುಗೆ ಬೇರೆ. ಒಂದು ಮಗುವಿನ ತಲೆಯಲ್ಲಿ ಯಾವುದು ಒಳ್ಳೆಯದು ಅನ್ನೋದರಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯ. ಬಿಳಿ ಧಣಿ ಹೋಗಿ ಎಷ್ಟು ವರ್ಷವಾಯಿತು ಹೇಳಿ!

ಆ ಹುಡುಗಿ ಒಮ್ಮೆ ನನ್ನನ್ನೇ ಕೇಳಿದಳು. "ಅಂಕಲ್, ನಿಮ್ಮ ಊರಲ್ಲಿ ನನ್ನಂಥವರಿಗೆ ಏನಂತಾರೆ?" ಬೆರಕೆ ಅನ್ನೋ ಪದ ಬಾಯಿಗೆ ಬಂತು, ನುಂಗಿಕೊಂಡೆ. ಸೊಪ್ಪಿನ ಹಿಂದೆ ಬಂದರೆ ಬಾಯಲ್ಲಿ ನೀರೂರುತ್ತದೆ. ಮನುಷ್ಯರಿಗೆ ಅಂದರೆ ಹೊಡೆದಾಟವೇ ಆಗುತ್ತದೆ. "ಅಂಥ ಪದ ಇಲ್ಲ ಪುಟ್ಟಿ" ಅಂದೆ. ಸುಳ್ಳು.

ನನ್ನದೂ ಒಂದು ಒಪ್ಪಿಸಿಬಿಡುತ್ತೇನೆ. ಅಲ್ಲಿದ್ದ ಭಾರತದ ಇಂಜಿನಿಯರುಗಳದ್ದು ಒಂದು ವಾಟ್ಸಾಪ್ ಗ್ರೂಪ್ ಇತ್ತು. ಹೊಸಬರು ಬಂದಾಗಲೆಲ್ಲ ಒಂದು ಮೆಸೇಜ್ ಫಾರ್ವರ್ಡ್ ಆಗುತ್ತಿತ್ತು: ಈ ಏರಿಯಾ ಓಕೆ, ಆ ಏರಿಯಾ ಬೇಡ, ಅಲ್ಲಿ ಕರಿಯರು ಜಾಸ್ತಿ. ಬರೆದವನ ಬಣ್ಣ, ಓದುವವನ ಬಣ್ಣ ಯಾರೂ ನೋಡಿಕೊಂಡ ಹಾಗಿಲ್ಲ. ಎರಡು ಸಲ ನಾನೇ ಅದನ್ನು ಕಳಿಸಿದ್ದೇನೆ. ಲಾವೆಂಟೀಲ್ ಗುಡ್ಡ ಆ ಪಟ್ಟಿಯಲ್ಲಿ ಮೊದಲನೆಯದು. ಸ್ಟೀಲ್ ಪ್ಯಾನ್ ಅನ್ನೋ ವಾದ್ಯ ಬೆಳೆದು ಬಂದ ಜಾಗ ಅದು. ಕಳ್ಳತನ, ಗುಂಡಿನ ಭಯ ನಿಜವೇ ಇದೆ, ಇಲ್ಲ ಅನ್ನಲ್ಲ. ಆದರೆ ಮೂರು ವರ್ಷದಲ್ಲಿ ಹಗಲು ಹೊತ್ತಿನಲ್ಲಿ ಯಾರದ್ದಾದರೂ ಜೊತೆ ಒಂದು ಸಲ ಹೋಗಬಹುದಿತ್ತು. ಹೋಗಲಿಲ್ಲ.

ಮೈಸೂರಿನ ಹುಡುಗನಿಗೆ ನಿನ್ನೆ ರಾತ್ರಿ ಆಂಟಿಯ ನಂಬರ್ ಕಳಿಸಿದೆ. ಮನೆ ಚೆನ್ನಾಗಿದೆ, ಬಾಡಿಗೆ ನ್ಯಾಯವಾಗಿದೆ. ಬೆಳಗ್ಗೆ ಮೇನ್ ರೋಡಿನಲ್ಲಿ ಡಬಲ್ಸ್ ಅನ್ನೋ ಕಡಲೆಕಾಳಿನ ತಿಂಡಿ ಸಿಗುತ್ತದೆ, ಮೊದಲ ದಿನ ಖಾರ ಕಮ್ಮಿ ಹಾಕಿಸಿಕೋ ಅಂತ ಬರೆದೆ. ನಮ್ಮವರು ಅನ್ನೋ ಪ್ರಶ್ನೆಗೆ ಉತ್ತರ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಆಮೇಲೆ ಅವನ ವಾಟ್ಸಾಪ್ ಫೋಟೋ ದೊಡ್ಡದು ಮಾಡಿ ನೋಡಿದೆ. ನನಗಿಂತ ತಿಳಿ ಬಣ್ಣ. ಇವನನ್ನು ಮದ್ರಾಸಿ ಅನ್ನಲಿಕ್ಕಿಲ್ಲ.