ಮನೆ ಅಂದರೆ ಬರೀ ನೋಡುವವರ ಜಾಗ ಅಂದುಕೊಂಡರು

ಮನೆಮನೆಗೆ ಬ್ರಾಡ್‌ಬ್ಯಾಂಡ್ ಹೇಗೆ ಬರುತ್ತದೆ ಅಂತ 1990ರ ದಶಕದಲ್ಲಿ ಹೇಳಿದ ಭವಿಷ್ಯಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ಟೆಲಿಡೆಸಿಕ್ ಹೆಸರು ಎತ್ತುತ್ತಾರೆ. 1994ರಲ್ಲಿ 840 ಉಪಗ್ರಹ ಹಾರಿಸುತ್ತೇವೆ ಅಂದಿದ್ದ ಕಂಪನಿ ಅದು. ಬಿಲ್ ಗೇಟ್ಸ್ ದುಡ್ಡೂ ಅದರಲ್ಲಿತ್ತು. 2002ರಲ್ಲಿ ಕೆಲಸ ನಿಂತೇ ಹೋಯಿತು. ಕರೆಂಟ್ ತಂತಿಯಲ್ಲೇ ಇಂಟರ್ನೆಟ್ ಕೊಡುತ್ತೇವೆ ಅಂದವರೂ ಇದ್ದರು. ಆ ತಂತಿಯಿಂದ ಸಿಗ್ನಲ್ ಹೊರಗೆ ಸೋರಿ ರೇಡಿಯೋಗೆ ತೊಂದರೆ ಕೊಡುತ್ತಿತ್ತು.

ಕೊನೆಗೆ ಗೆದ್ದದ್ದು ಮನೆಯೊಳಗೆ ಆಗಲೇ ಬಂದು ಕೂತಿದ್ದ ಫೋನ್ ತಂತಿ ಮತ್ತು ಕೇಬಲ್ ಟಿವಿ ತಂತಿ. ಹೊಸದಾಗಿ ರಸ್ತೆ ಅಗೆದು ಪ್ರತಿ ಮನೆಗೂ ಫೈಬರ್ ಎಳೆಯುವ ಖರ್ಚು ಅಷ್ಟಿತ್ತು.

ಆದರೆ ಯಾವ ತಂತಿ ಗೆಲ್ಲುತ್ತದೆ ಅನ್ನುವ ಲೆಕ್ಕ ತಪ್ಪಿದ್ದರ ಬಗ್ಗೆ ನನಗೆ ಬೇಜಾರಿಲ್ಲ. ಅದು ಯಾರಿಗಾದರೂ ತಪ್ಪುತ್ತದೆ. ಮನೆಯಲ್ಲಿರುವ ಮನುಷ್ಯನನ್ನು ಆ ಭವಿಷ್ಯ ಹೇಳಿದವರು ಅಂದಾಜು ಮಾಡಿದ ರೀತಿ ಇದೆಯಲ್ಲ, ಅದೇ ದೊಡ್ಡ ತಪ್ಪು, ಮತ್ತು ಅದರ ಬೆಲೆ ನಾವು ಇನ್ನೂ ಕಟ್ಟುತ್ತಿದ್ದೇವೆ.

ಆಗಿನ ಕನಸು ಪೂರ್ತಿ ಟಿವಿಯ ಸುತ್ತಲೇ ಇತ್ತು. 1992ರಲ್ಲಿ ಅಮೆರಿಕದ ಕೇಬಲ್ ಉದ್ಯಮಿ ಜಾನ್ ಮಲೋನ್ 500 ಚಾನೆಲ್‌ಗಳ ಮಾತಾಡಿದರು. 1994ರ ಡಿಸೆಂಬರ್‌ನಲ್ಲಿ ಟೈಮ್ ವಾರ್ನರ್ ಕಂಪನಿ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ಒಂದು ಪ್ರಯೋಗ ಶುರು ಮಾಡಿತು. ಬೇಕಾದಾಗ ಬೇಕಾದ ಸಿನಿಮಾ, ಟಿವಿಯಲ್ಲೇ ಶಾಪಿಂಗ್, ಗೇಮ್. ಸುಮಾರು 4,000 ಮನೆ ಮುಟ್ಟಿ, 1997ರಲ್ಲಿ ಬಾಗಿಲು ಹಾಕಿತು. ಅಲ್ಲೂ ಮನೆಯವರ ಕೆಲಸ ಒಂದೇ: ರಿಮೋಟ್ ಒತ್ತುವುದು, ಬಂದದ್ದನ್ನು ನೋಡುವುದು.

ಫೋನ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಕೊಡುವ ಎಡಿಎಸ್‌ಎಲ್ ತಂತ್ರಜ್ಞಾನ ಹುಟ್ಟಿದ್ದೂ ಇದೇ ಯೋಚನೆಯಲ್ಲಿ. ಫೋನ್ ತಂತಿಗಳು ಕಟ್ಟುಕಟ್ಟಾಗಿ ಒಟ್ಟಿಗೆ ಹೋಗುತ್ತವೆ, ಹಾಗಾಗಿ ಒಂದರ ಸಿಗ್ನಲ್ ಪಕ್ಕದ್ದಕ್ಕೆ ನುಗ್ಗುತ್ತದೆ. ಮನೆಯಿಂದ ಹೋಗುವ ವೇಗ, ಅಂದರೆ ಅಪ್‌ಲೋಡ್, ಕಡಿಮೆ ಮಾಡಿದರೆ ಈ ಕಾಟ ತಗ್ಗುತ್ತದೆ, ಮನೆಗೆ ಬರುವ ವೇಗ ಹೆಚ್ಚಿಸಬಹುದು ಅಂತ ಕಂಡುಕೊಂಡವರು ಅಮೆರಿಕದ ಫೋನ್ ಕಂಪನಿಗಳ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಜೋಸೆಫ್ ಲೆಕ್‌ಲೈಡರ್. ನಿಜಕ್ಕೂ ಜಾಣ ಉಪಾಯ, ಅದಿಲ್ಲದಿದ್ದರೆ ಹಳೇ ತಾಮ್ರದ ತಂತಿಯಲ್ಲಿ ಅಷ್ಟು ಬೇಗ ಬ್ರಾಡ್‌ಬ್ಯಾಂಡ್ ಬರುತ್ತಿರಲಿಲ್ಲ. ಮೊದಮೊದಲ ಎಡಿಎಸ್‌ಎಲ್‌ನಲ್ಲಿ ಬರುವುದು ಹೆಚ್ಚೆಂದರೆ 8 ಎಂಬಿಪಿಎಸ್, ಹೋಗುವುದು 1ರ ಆಸುಪಾಸು. ಕೇಬಲ್‌ನಲ್ಲಿ ಇನ್ನೂ ಇಕ್ಕಟ್ಟು. ಅಮೆರಿಕದ ಕೇಬಲ್ ಜಾಲದಲ್ಲಿ ಅಪ್‌ಲೋಡ್‌ಗೆ ಸಿಕ್ಕಿದ್ದು 5ರಿಂದ 42 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ಪಟ್ಟಿ, ಮೇಲಿನ ನೂರಾರು ಮೆಗಾಹರ್ಟ್ಸ್ ಎಲ್ಲ ಟಿವಿಗೆ ಮತ್ತು ಡೌನ್‌ಲೋಡ್‌ಗೆ. ಆ ಸಣ್ಣ ಪಟ್ಟಿಯಲ್ಲೂ ಬೀದಿಯ ಎಲ್ಲ ಮನೆಗಳ ಗದ್ದಲ ಬಂದು ಸೇರುತ್ತದೆ.

ಜನ ಏನು ಮಾಡಿದರು? ಫೋಟೋ ಹಾಕಿದರು, ವಿಡಿಯೋ ಹಾಕಿದರು, ಮನೆಯಿಂದಲೇ ಕೆಲಸ ಮಾಡಿದರು. 2020ರಲ್ಲಿ ಒಂದೇ ಮನೆಯಲ್ಲಿ ಮಗುವಿನ ಕ್ಲಾಸು, ಅಪ್ಪನ ಮೀಟಿಂಗು, ಅಮ್ಮನ ಮೀಟಿಂಗು. ಎದುರಿನವರ ಮುಖ ನಮಗೆ ಚೆನ್ನಾಗಿಯೇ ಕಾಣುತ್ತಿತ್ತು, ನಮ್ಮ ಮುಖ ಅವರಿಗೆ ಕಲ್ಲಾಗಿ ನಿಂತಿರುತ್ತಿತ್ತು. ಅದು ಎಷ್ಟೋ ಸಲ ಅಪ್‌ಲೋಡ್ ಸಾಲದೆ ಆಗಿದ್ದು, ಆದರೆ ಜನ ಮಾತ್ರ ಸುಮ್ನೆ ವೈಫೈಗೆ ಬೈಯುತ್ತಿದ್ದರು.

ತಂತಿಯ ಮಿತಿ ಅನ್ನುವ ನೆಪ ಫೈಬರ್‌ಗೆ ಇಲ್ಲ. ಆದರೂ ಮನೆಮನೆಗೆ ಫೈಬರ್ ಹಂಚುವ ಜಿಪಾನ್ ಅನ್ನುವ ತಂತ್ರಜ್ಞಾನ ಮಾಡುವಾಗ ಹಳೇ ಅಳತೆಯನ್ನೇ ಇಟ್ಟುಕೊಂಡರು: ಬರುವುದು 2.5 ಗಿಗಾಬಿಟ್, ಹೋಗುವುದು ಅದರ ಅರ್ಧ. ಎರಡೂ ಕಡೆ 10 ಗಿಗಾಬಿಟ್ ಕೊಡುವ ಎಕ್ಸ್‌ಜಿಎಸ್-ಪಾನ್ ಅನ್ನುವ ಹೊಸ ಫೈಬರ್ ಮಾನದಂಡ ಬಂದದ್ದು 2016ರಲ್ಲಿ. ಹೊಸ ಫೈಬರ್ ಹಾಕುವವರು ಇದನ್ನೇ ಹಾಕಬೇಕು, ಜಾಹೀರಾತಿನಲ್ಲಿ ಅಪ್‌ಲೋಡ್ ವೇಗವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಕನೆಕ್ಷನ್ ತೆಗೆದುಕೊಳ್ಳುವಾಗ ನೀವೂ ಆ ಎರಡನೇ ಅಂಕಿ ಎಷ್ಟು ಅಂತ ಕೇಳಿ.